ಪೆಟ್ಟಿಗೆಯ ಮೇಲಿನ ಲಿಬೆರೋ

ಜೂನ್ ೪

ಪ್ರೀತಿಯ ಮಾವನಿಗೆ,

ನಿನ್ನ ಮಿಡತೆಯ ನಮಸ್ಕಾರ. ಇಲ್ಲಿ ಫೋನು ವಾರಕ್ಕೊಮ್ಮೆ, ಅದೂ ವಾರ್ಡನ್ ಎದುರಿಗೆ. ಅದು ಅಮ್ಮನ ‘ಊಟ ಮಾಡಿದೆಯಾ, ತೂಕ ಎಷ್ಟಿದೆ’ ಎನ್ನುವುದಕ್ಕೇ ಮುಗಿದುಹೋಗುತ್ತದೆ. ಆದ್ದರಿಂದ ಕಾಗದ. ಇದನ್ನು ಅಮ್ಮನಿಗೆ ಓದಿ ಹೇಳಬೇಡ. ಅವಳು ನಿನ್ನ ಸ್ವಂತ ಅಕ್ಕ ಎನ್ನುವುದನ್ನು ಸ್ವಲ್ಪ ಕಾಲ ಮರೆತಿರು.

ನಮ್ಮ ಕ್ರೀಡಾ ಹಾಸ್ಟೆಲಿನ ಚಿಕಿತ್ಸೆ ಕೋಣೆಯ ಗೋಡೆಗೆ ಒಂದು ಚಿತ್ರಪಟ ಅಂಟಿಸಿದ್ದಾರೆ. ವಾಲಿಬಾಲ್ ಅಂಕಣದಲ್ಲಿ ಹುಡುಗಿಯರು ಅವರವರ ಜಾಗದಲ್ಲಿ ನಿಂತಿದ್ದಾರೆ, ಒಬ್ಬೊಬ್ಬಳ ಮೈಮೇಲೂ ಕೆಂಪು ಚುಕ್ಕೆ. ಚೆಂಡು ಎತ್ತಿಕೊಡುವ ಸೆಟ್ಟರಿಗೆ ಬೆರಳು ಮತ್ತು ಸೊಂಟ. ನೆಟ್ಟಿನ ನಡುವೆ ಹಾರುವ ಬ್ಲಾಕರಿಗೆ ಪಾದದ ಕೀಲು. ಹೊಡೆಯುವ ಸ್ಪೈಕರಿಗೆ ಭುಜ. ಲಿಬೆರೋಗೆ, ಎಂದರೆ ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ನೆಲಕ್ಕೆ ಬಿದ್ದು ಚೆಂಡು ಎತ್ತುವ ನನ್ನಂಥವಳಿಗೆ, ಮಂಡಿ. ಪ್ರತಿ ಜಾಗಕ್ಕೂ ಒಂದೊಂದು ನೋವು ಮಂಜೂರಾಗಿದೆ. ಮಂಜೂರಾದ ನೋವಿಗೆ ಐಸ್ ಉಂಟು, ಟೇಪ್ ಉಂಟು, ‘ಪಾಪ’ ಎನ್ನುವ ಮಾತೂ ಉಂಟು.

ನನಗೆ ಬಲಭುಜ ನೋಯುತ್ತಿದೆ ಮಾವ.

ಫಿಸಿಯೋ ಮೇಡಂಗೆ ಹೇಳಿದೆ. ಅವರು ಪಟ ನೋಡಿದರು, ನನ್ನನ್ನು ನೋಡಿದರು. “ಲಿಬೆರೋಗೆ ಭುಜ ನೋವು ಎಲ್ಲಿಂದ ಬರುತ್ತೆ? ನೀನು ಪಂದ್ಯದಲ್ಲಿ ಒಂದು ಸ್ಪೈಕಾದ್ರೂ ಹೊಡೀತೀಯಾ?” ಅಂದರು. ಹೊಡೆಯುವುದಿಲ್ಲ. ನೆಟ್ಟಿನ ಮೇಲಿಂದ ಹೊಡೆಯಲು ನಿಯಮದಲ್ಲೇ ನನಗೆ ಅವಕಾಶವಿಲ್ಲ. ಸ್ಪೈಕರ್ ಹುಡುಗಿಯರು ಕಿಸಕ್ಕೆಂದರು. ಭುಜ ಅವರ ಸ್ವತ್ತು, ನಾನು ಕೇಳದೆ ಎತ್ತಿಕೊಂಡ ಹಾಗೆ.

ಆದರೆ ಅಭ್ಯಾಸದಲ್ಲಿ ಹೊಡೆಯುವವಳು ನಾನೇ. ಕೋಚ್ ಸರ್ ಅವರ ತೋಳು ಆಡುವ ಕಾಲದಲ್ಲೇ ಸವೆದುಹೋಗಿದೆ. ಉಳಿದವರಿಗೆ ಚೆಂಡು ತಡೆಯುವ ಅಭ್ಯಾಸ ಮಾಡಿಸಲು ಯಾರಾದರೂ ಮರದ ಪೆಟ್ಟಿಗೆ ಹತ್ತಿ ನೆಟ್ಟಿನ ಮೇಲಿಂದ ಹೊಡೆಯುತ್ತಲೇ ಇರಬೇಕು. “ನಿನ್ನ ತೋಳಿಗೆ ಪಂದ್ಯದಲ್ಲಿ ಕೆಲಸ ಇಲ್ವಲ್ಲ, ಗುರಿಯೂ ಚೆನ್ನಾಗಿದೆ” ಎಂದು ಹೋದ ವರ್ಷ ನನ್ನನ್ನು ಹತ್ತಿಸಿದರು. ನನಗೆ ಆಗ ಹೆಮ್ಮೆಯಾಗಿತ್ತು. ಈಗ ಜಡೆ ಹಾಕಿಕೊಳ್ಳುವಾಗ ಕೈ ಕಿವಿಯ ಹತ್ತಿರ ಬಂದು ನಿಲ್ಲುತ್ತದೆ.

ನವೆಂಬರಿನಲ್ಲಿ ದೊಡ್ಡ ತಂಡದ ಆಯ್ಕೆ. ನನ್ನ ವಯಸ್ಸಿಗೆ ಇದೇ ಕೊನೆಯ ಅವಕಾಶ. ಅಷ್ಟರೊಳಗೆ ಭುಜಕ್ಕೆ ಒಂದಿಷ್ಟು ವಿಶ್ರಾಂತಿ ಸಿಕ್ಕರೆ ಸಾಕು. ಯಾರೂ ನಂಬುವುದಿಲ್ಲ. ನಂಬಿಸುವುದೇ ನಿನ್ನ ಕಸುಬಲ್ಲವೇ, ಅದಕ್ಕೆ ಕೇಳುತ್ತಿದ್ದೇನೆ.

ನಿನ್ನ
ಮಿಡತೆ

 

ಜೂನ್ ೧೫

ನೆಲವನ್ನೇ ಸಿಂಹಾಸನ ಮಾಡಿಕೊಂಡ ಮಿಡತೆ ಮಹಾರಾಣಿಯ ಸನ್ನಿಧಾನಕ್ಕೆ,

ನಮ್ಮ ನಾಟಕ ಕಂಪನಿಯ ಖಳನಾಯಕನೂ, ರಾಜನಿಗೆ ಜ್ವರ ಬಂದ ದಿನ ರಾಜನೂ, ಆಳು ಓಡಿಹೋದ ದಿನ ಆಳೂ ಆದ ನಿನ್ನ ಸೋದರಮಾವ ಮುಖದ ಬಣ್ಣ ಒರೆಸಿಕೊಳ್ಳುತ್ತಾ ಬರೆಯುವ ಕಾಗದ. ಮೂಲೆಯಲ್ಲಿ ಕೆಂಪು ಕಲೆ ಕಂಡರೆ ಗಾಬರಿಯಾಗಬೇಡ, ಅದು ನಾಲ್ಕನೆಯ ಅಂಕದ ರಕ್ತ.

ನಿನ್ನ ಕಾಗದ ಓದಿದೆ. ತಡೆಯಲಾರದೆ ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿ ಗಡ್ಡ ಅಂಟಿಸಿಕೊಳ್ಳುತ್ತಿದ್ದ ನಮ್ಮ ಮಂತ್ರಿ ಅರ್ಧ ಗಡ್ಡದಲ್ಲೇ ಎದ್ದು ಬಂದು “ಯಾರವನು ಆ ಕೋಚು, ತೋರಿಸು” ಎಂದ. ನಾನು ಅವನನ್ನು ಕೂರಿಸಿ ಯೋಚನೆ ಮಾಡಿದೆ.

ಕೇಳು ಮಗಳೇ. ನೀನು ಮಾಡಿದ ತಪ್ಪು ಇಷ್ಟೇ: ನೋವಿದೆ ಎಂದು ಬಾಯಲ್ಲಿ ಹೇಳಿದೆ. ಬಾಯಲ್ಲಿ ಹೇಳಿದ ನೋವನ್ನು ಯಾವ ಸಭಾಂಗಣವೂ ನಂಬಿದ್ದನ್ನು ನಾನು ಕಂಡಿಲ್ಲ. ನಾನು ಎದೆಗೆ ಕತ್ತಿ ಚುಚ್ಚಿಕೊಂಡು ‘ಅಯ್ಯೋ ನೋವು’ ಎಂದರೆ ಹಿಂದಿನ ಬೆಂಚಿನವರು ಕೆಮ್ಮುತ್ತಾರೆ. ಕತ್ತಿಯನ್ನು ಮೇಲುಹೊದಿಕೆಯಲ್ಲಿ ಮುಚ್ಚಿಕೊಂಡು ‘ಏನಿಲ್ಲ, ಮಹಾರಾಣಿಗೆ ಹೇಳಬೇಡಿ’ ಎಂದು ಎರಡು ಹೆಜ್ಜೆ ಇಟ್ಟರೆ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುತ್ತದೆ. ನೋವನ್ನು ತೋರಿಸಬಾರದು. ನೋವನ್ನು ಮುಚ್ಚಿಡುವುದನ್ನು ತೋರಿಸಬೇಕು.

ಇನ್ನೊಂದು. ಪ್ರೇಕ್ಷಕ ಯಾವ ನಾಟಕಕ್ಕೆ ಟಿಕೆಟ್ ತೆಗೆದುಕೊಂಡು ಬಂದಿದ್ದಾನೋ ಅದನ್ನೇ ಆಡಬೇಕು. ನಿನ್ನ ಫಿಸಿಯೋ ಮೇಡಂ ಮಂಡಿಗೆ ಟಿಕೆಟ್ ತೆಗೆದುಕೊಂಡು ಕೂತಿದ್ದಾರೆ. ನೀನು ಭುಜದ ನಾಟಕ ಆಡಿದರೆ ಎದ್ದು ಹೋಗದೆ ಏನು ಮಾಡುತ್ತಾರೆ? ಕೊಡು ಅವರಿಗೆ ಮಂಡಿ. ಮಂಡಿಗೆ ರಜೆ ಸಿಕ್ಕರೆ ಮೈಗೆಲ್ಲ ರಜೆ. ಮಂಡಿ ಮನೆಯಲ್ಲಿ ಕೂತಿರುವಾಗ ಭುಜವೊಂದೇ ಡ್ಯೂಟಿಗೆ ಹೋದದ್ದುಂಟೇ?

ಈಗ ಪಾಠ. ಯಾರಾದರೂ ನೋಡುತ್ತಿದ್ದಾಗ ಕುಂಟಬೇಡ, ನೆಟ್ಟಗೆ ನಡೆ. ಯಾರೂ ನೋಡುತ್ತಿಲ್ಲವೆಂದು ನೀನು ತಿಳಿದಿರುವ ಹಾಗೆ ಅವರಿಗೆ ಕಾಣಬೇಕು, ಆಗ ಕುಂಟು. ಮೆಟ್ಟಿಲು ಹತ್ತುವಾಗ ಸಲೀಸಾಗಿ ಹತ್ತು, ಇಳಿಯುವಾಗ ಕಂಬಿಯ ಮೇಲೆ ಕೈ ಇರಲಿ. ಮಂಡಿ ನೊಂದವರು ಇಳಿಯುವಾಗಲೇ ಸಿಕ್ಕಿಬೀಳುವುದು. ಕುರ್ಚಿಯಿಂದ ಏಳುವಾಗ ಮಂಡಿ ಮುಟ್ಟಬೇಡ, ಕುರ್ಚಿಯ ಕೈ ಹಿಡಿ. ಯಾರಾದರೂ ಕೇಳಿದರೆ ಏನೂ ಇಲ್ಲ ಎನ್ನು. ಮೂರು ಸಲ ಏನೂ ಇಲ್ಲ ಎಂದಮೇಲೆ ಇದೆ ಎಂದು ಅವರೇ ಹೇಳುತ್ತಾರೆ.

ಪರದೆ ಏಳಲಿ.

ನಿನ್ನ ಖಳನಾಯಕ
ಮಾವ

 

ಜುಲೈ ೨

ಪ್ರೀತಿಯ ಮಾವನಿಗೆ,

ನೀನು ಹೇಳಿದ ಹಾಗೇ ಆಯಿತು. ಊಟದ ಮನೆಯಿಂದ ಮೆಟ್ಟಿಲು ಇಳಿಯುತ್ತಿದ್ದೆ, ಫಿಸಿಯೋ ಮೇಡಂ ಮೇಲಿನ ಕಿಟಕಿಯಲ್ಲಿ ನಿಂತು ಕೈ ತೊಳೆಯುತ್ತಿದ್ದರು. ಕಂಬಿ ಹಿಡಿದೆ. ಹಿಂದೆ ತಿರುಗಿ ನೋಡಲಿಲ್ಲ. ಸಂಜೆಗೆ ಕರೆಸಿದರು. ಏನೂ ಇಲ್ಲ ಮೇಡಂ ಎಂದೆ. ಮತ್ತೆ ಕೇಳಿದರು. ಏನೂ ಇಲ್ಲ ಎಂದೆ. ಮೂರನೆಯ ಸಲ ಕೇಳುವ ಮೊದಲೇ ನನ್ನನ್ನು ಮಂಚದ ಮೇಲೆ ಮಲಗಿಸಿ ಮಂಡಿ ಒತ್ತತೊಡಗಿದರು. ಅವರು ಒತ್ತಿದಾಗ ನಾನು ಮುಖ ಗೋಡೆಯ ಕಡೆಗೆ ತಿರುಗಿಸಿದೆ, ಅಷ್ಟೇ. “ಇಷ್ಟು ದಿನ ಯಾಕಮ್ಮಾ ಬಾಯಿ ಮುಚ್ಕೊಂಡಿದ್ದೆ” ಎಂದು ನನ್ನ ತಲೆ ಸವರಿದರು. ಅವರ ಇನ್ನೊಂದು ಕೈ ನನ್ನ ಬಲಭುಜದ ಮೇಲೆ ಊರಿತ್ತು. ಕಣ್ಣಲ್ಲಿ ನೀರು ಬಂತು. ಅದು ಮಂಡಿಯ ಲೆಕ್ಕಕ್ಕೆ ಹೋಯಿತು.

ಬಹಳ ಒಳ್ಳೆಯವರು ಅವರು. ಅದನ್ನೂ ಬರೆಯಬೇಕೆನಿಸಿತು.

ಐಸ್ ಚೀಲ ಕೊಡುತ್ತಾರೆ. ಕೋಣೆಗೆ ತಂದು ಬಾಗಿಲು ಹಾಕಿ ಭುಜಕ್ಕೆ ಇಟ್ಟುಕೊಳ್ಳುತ್ತೇನೆ. ಬೆರಳಿಗೆ ಟೇಪ್ ಸುತ್ತಿಕೊಂಡ ಸೆಟ್ಟರ್ ಹುಡುಗಿ ನನ್ನ ಕೋಣೆಯವಳೇ. ನೋಡಿದಳು, ಏನೂ ಕೇಳಲಿಲ್ಲ. ಇಲ್ಲಿ ಯಾರ ನೋವನ್ನೂ ಯಾರೂ ಕೇಳುವುದಿಲ್ಲ, ಜಾಗ ಖಾಲಿಯಾಗುತ್ತದೆಯೇ ಎಂದಷ್ಟೇ ನೋಡುತ್ತಾರೆ.

ನೆಲಕ್ಕೆ ಬೀಳುವ ಅಭ್ಯಾಸದಿಂದ ನನಗೆ ಬಿಡುವು ಸಿಕ್ಕಿದೆ. ಸದ್ಯಕ್ಕೆ ಬೇರೆ ಕೆಲಸ ಕೊಟ್ಟಿದ್ದಾರೆ, ನಿಂತಲ್ಲೇ ಮಾಡುವಂಥದ್ದು. ಮಂಡಿಗೆ ಏನೂ ತೊಂದರೆಯಿಲ್ಲ.

ಭುಜದ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಅಮ್ಮನಿಗೆ ನಾನು ಚೆನ್ನಾಗಿದ್ದೇನೆಂದು ಹೇಳು.

ನಿನ್ನ
ಮಿಡತೆ

 

ಜುಲೈ ೧೩

ರಂಗಭೂಮಿಯು ಕಳೆದುಕೊಂಡು ವಾಲಿಬಾಲು ಕದ್ದುಕೊಂಡ ಮಹಾನಟಿಗೆ,

ಭಲೆ. ಭಲೇ. ಗೋಡೆಯ ಕಡೆಗೆ ಮುಖ ತಿರುಗಿಸಿದೆಯಾ? ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಅದು ರಕ್ತದಲ್ಲಿ ಬಂದದ್ದು. ನಿನ್ನ ಅಮ್ಮ ಚಿಕ್ಕಂದಿನಲ್ಲಿ ಶಾಲೆಗೆ ಹೋಗಲಾರದ ದಿನ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳಲ್ಲ, ಆಹಾ, ನಮ್ಮ ಅಪ್ಪನಂಥ ಕಲ್ಲೂ ಕರಗಿ ಪುಸ್ತಕದ ಚೀಲ ಕೆಳಗಿಡುತ್ತಿತ್ತು. ಈಗ ಅವಳನ್ನು ಕೇಳು, ತಾನು ಅಂಥವಳೇ ಅಲ್ಲ ಎನ್ನುತ್ತಾಳೆ.

ಅಂತೂ ವಿಶ್ರಾಂತಿ ದೊರಕಿತು. ನಿಂತಲ್ಲೇ ಮಾಡುವ ಕೆಲಸ ಎಂದರೆ ಅಂಕ ಬರೆಯುವುದೋ, ಚೆಂಡಿಗೆ ಗಾಳಿ ತುಂಬುವುದೋ ಇರಬೇಕು. ಇರಲಿ, ರಾಣಿಯಾದವಳು ಒಮ್ಮೊಮ್ಮೆ ದೀಪವನ್ನೂ ಹಿಡಿಯಬೇಕಾಗುತ್ತದೆ. ನಾನು ನಾಯಕನ ಪಾತ್ರ ಸಿಗುವವರೆಗೆ ಗುಡುಗಿನ ತಗಡು ಬಡಿದವನು.

ನನ್ನ ಕಡೆಯ ಸುದ್ದಿ ಏನೆಂದರೆ, ನಮ್ಮ ನಾಟಕಕ್ಕೆ ಜನ ಬರುತ್ತಿದ್ದಾರೆ. ಹಾಸ್ಯದ ಭಾಗ ಚೆನ್ನಾಗಿ ಕುದುರಿದೆ. ಎರಡು ಅಂಕದ ನಡುವೆ ಸೆಟ್ಟು ಬದಲಾಯಿಸುವಾಗ ಜನರನ್ನು ಹಿಡಿದಿಡಲು ನಾನೇ ಏನೋ ಹೊಸದು ಮಾಡುತ್ತಿದ್ದೇನೆ. ಮಾಲೀಕರು ಬೆನ್ನು ತಟ್ಟಿದರು. ಬಹಳ ವರ್ಷದ ಮೇಲೆ ಅವರ ಕೈ ನನ್ನ ಬೆನ್ನಿಗೆ ಬಂದದ್ದು. ಅದರ ವಿವರ ನೀನು ಬಂದಾಗ ಹೇಳುತ್ತೇನೆ.

ಕುಂಟುವುದನ್ನು ಮಾತ್ರ ಅವಸರದಲ್ಲಿ ಬಿಡಬೇಡ. ಆಯ್ಕೆಗೆ ತಿಂಗಳಿದ್ದಾಗ ನಿಧಾನವಾಗಿ ಕಡಿಮೆ ಮಾಡೋಣ. ಅಲ್ಲಿಯವರೆಗೆ ತಿನ್ನು, ಮಲಗು, ಭುಜ ಆರಲಿ.

ನಿನ್ನ ಗುರುವೂ ಮಾವನೂ ಆದ
ನಾನು

 

ಆಗಸ್ಟ್ ೨೦

ಮಾವ,

ಇಷ್ಟು ದಿನ ಬರೆಯಲಿಲ್ಲ. ನೀನು ಸಂತೋಷದಲ್ಲಿದ್ದೆ, ಕೆಡಿಸಲು ಮನಸ್ಸಾಗಲಿಲ್ಲ. ಈಗ ಬರೆಯದಿದ್ದರೆ ಆಗುವುದಿಲ್ಲ.

ನಿಂತಲ್ಲೇ ಮಾಡುವ ಕೆಲಸ ಅಂದೆನಲ್ಲ, ಅದು ಪೆಟ್ಟಿಗೆ. ಮಂಡಿ ನೋವೆಂದು ತಿಳಿದ ದಿನವೇ ಕೋಚ್ ಸರ್ ನನ್ನನ್ನು ಬದಿಗೆ ಕರೆದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಹಳ ಮೆತ್ತಗೆ ಮಾತಾಡಿದರು. “ಮಂಡಿ ಅಂದ್ರೆ ನಿರ್ಲಕ್ಷ್ಯ ಮಾಡಬಾರದು. ಇನ್ನು ಬೀಳೋದು, ಓಡೋದು ಬೇಡ. ಪೆಟ್ಟಿಗೆ ಮೇಲೆ ನಿಂತು ಹೊಡಿ, ಅದಕ್ಕೆ ಮಂಡಿ ಬೇಕಾಗಲ್ಲ.” ಮೊದಲು ನಾನು ದಿನದ ಕೊನೆಗೆ ಹತ್ತುತ್ತಿದ್ದೆ. ಈಗ ಬೆಳಿಗ್ಗೆ ಹತ್ತಿದರೆ ಊಟಕ್ಕೆ ಇಳಿಯುತ್ತೇನೆ, ಮತ್ತೆ ಹತ್ತುತ್ತೇನೆ. ನನ್ನ ಜಾಗದಲ್ಲಿ ನೆಲಕ್ಕೆ ಬೀಳಲು ಹೊಸ ಹುಡುಗಿಯೊಬ್ಬಳನ್ನು ತಂದಿದ್ದಾರೆ. ಅವಳು ಚೆನ್ನಾಗಿ ಕಲಿಯುತ್ತಿದ್ದಾಳೆ. ಕಲಿಯದೆ ಏನು, ಅವಳಿಗೆ ಚೆಂಡು ಹೊಡೆಯುತ್ತಿರುವುದು ನಾನು.

ಮೈಯ ಬಿಸಿ ಆರಿದರೆ ಕೈ ಈಗ ಕಿವಿಯವರೆಗೂ ಬರುವುದಿಲ್ಲ. ಅಂಗಿ ತೊಡುವಾಗ ಮೊದಲು ಬಲತೋಳಿಗೆ ತೂರಿಸಿ ಆಮೇಲೆ ತಲೆ ತೂರಿಸುತ್ತೇನೆ. ಸೆಟ್ಟರ್ ಹುಡುಗಿ ಜಡೆ ಹಾಕಿಕೊಡುತ್ತಾಳೆ, ಬೆರಳಿಗೆಲ್ಲ ಟೇಪ್ ಇರುವುದರಿಂದ ನನ್ನ ಜಡೆ ಹಗ್ಗದ ಹಾಗೆ ಕಾಣುತ್ತದೆ. ಚೆಂಡು ಹೊಡೆದಾಗ ಭುಜದೊಳಗೆ ಏನೋ ಜಾರಿ ಮತ್ತೆ ಸೇರಿಕೊಳ್ಳುತ್ತದೆ. ಮುಖದಲ್ಲಿ ತೋರಿಸುವುದಿಲ್ಲ. ತೋರಿಸದಿರುವುದನ್ನಂತೂ ಚೆನ್ನಾಗಿ ಕಲಿತಿದ್ದೇನೆ.

ನನಗೆ ಈಗ ಬೇಕಾಗಿರುವುದು ಬೇರೆ ಪಾಠ. ಮಂಡಿ ವಾಸಿಯಾಗಬೇಕು, ಈ ವಾರವೇ. ವಾಸಿಯಾದರೆ ಪೆಟ್ಟಿಗೆಯಿಂದ ಇಳಿಸಿ ನೆಲಕ್ಕೆ ಬಿಡುತ್ತಾರೆ. ನೆಲಕ್ಕೆ ಬಿದ್ದರೆ ನನಗೆ ಸುಖ. ಇಲ್ಲವೇ, ಎಲ್ಲ ನಿಜ ಹೇಳಿಬಿಡಲೇ? ಫಿಸಿಯೋ ಮೇಡಂ ಒಬ್ಬರಿಗೇ ಹೇಳಿದರೆ ಅರ್ಥ ಮಾಡಿಕೊಳ್ಳಬಹುದು ಅನಿಸುತ್ತದೆ. ಬೇಗ ಬರೆ.

ಮಿಡತೆ

 

ಆಗಸ್ಟ್ ೨೮

ಮಗಳೇ,

ನಿನ್ನ ಕಾಗದ ಕೈಗೆ ಬಂದಾಗ ನಾನು ಕಿರೀಟ ಇಟ್ಟುಕೊಂಡಿದ್ದೆ. ಅದನ್ನು ತೆಗೆದು ಪೆಟಾರಿಯ ಮೇಲೆ ಇಟ್ಟು ಓದಿದೆ. ಇಂಥ ಸಂಗತಿ ನಮ್ಮ ಯಾವ ನಾಟಕದಲ್ಲೂ ಇಲ್ಲ. ಆ ಕೋಚು ನನ್ನ ಎದುರಿಗಿದ್ದಿದ್ದರೆ ಮೀಸೆ ತಿರುವುತ್ತಿದ್ದೆ. ಎದುರಿಗಿಲ್ಲದ ಕಾರಣ ತಿರುವಿದ್ದು ವ್ಯರ್ಥವಾಯಿತು.

ನಿಜ ಹೇಳುವ ಯೋಚನೆ ಬೇಡ. ಕೈ ಮುಗಿದು ಕೇಳುತ್ತೇನೆ, ಬೇಡ. ನಾಟಕದ ನಡುವೆ ವೇಷ ಕಳಚಿ ‘ನಾನು ರಾಜನಲ್ಲ’ ಎಂದವನಿಗೆ ಆಮೇಲೆ ಯಾವ ಪಾತ್ರವೂ ದಕ್ಕುವುದಿಲ್ಲ. ಮಂಡಿ ಸುಳ್ಳು ಎಂದೆಯೋ, ಭುಜವನ್ನೂ ಸುಳ್ಳಿನ ಜೊತೆಗೆ ಕಟ್ಟಿ ಹೊರಗೆ ಎಸೆಯುತ್ತಾರೆ.

ಮಂಡಿಯನ್ನು ವಾಸಿ ಮಾಡೋಣ. ಆದರೆ ಒಂದೇ ವಾರದಲ್ಲಿ ವಾಸಿಯಾದ ಮಂಡಿ ಯಾರನ್ನೂ ಒಪ್ಪಿಸುವುದಿಲ್ಲ. ಮೊದಲ ವಾರ ಕಂಬಿ ಬಿಡು. ಎರಡನೆಯ ವಾರ ಇಳಿಯುವಾಗ ಒಂದು ಮೆಟ್ಟಿಲಿನಲ್ಲಿ ಮಾತ್ರ ತಡೆ. ಆಮೇಲೆ ಒಂದು ದಿನ ಮರೆತವಳ ಹಾಗೆ ಓಡು, ತಟ್ಟನೆ ನಿಂತು ನಿನಗೇ ಆಶ್ಚರ್ಯವಾದ ಹಾಗೆ ಕೆಳಗೆ ನೋಡು. ಆ ನೋಟವನ್ನು ಫಿಸಿಯೋ ಮೇಡಂ ನೋಡಬೇಕು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ನೀನು ನೆಲದ ಮೇಲಿರುತ್ತೀಯ. ಅಲ್ಲಿಯವರೆಗೆ ತಡೆದುಕೋ. ನನ್ನ ಮಿಡತೆ ತಡೆದುಕೊಳ್ಳುತ್ತಾಳೆ, ನನಗೆ ಗೊತ್ತು.

ಗುಟ್ಟಿನ ಬಗ್ಗೆ ಚಿಂತಿಸಬೇಡ. ನನ್ನ ಎದೆಯೊಳಗೆ ಹೋದದ್ದು ಹೊರಗೆ ಬಂದದ್ದಿಲ್ಲ.

ನಿನ್ನ
ಮಾವ

 

ಸೆಪ್ಟೆಂಬರ್ ೨೫

ಮಾವನವರಿಗೆ,

ನೀವು ಹೇಳಿದ ಹಾಗೆ ನಿಧಾನವಾಗಿಯೇ ವಾಸಿಯಾಗುತ್ತಿದ್ದೆ. ಕಂಬಿ ಬಿಟ್ಟಿದ್ದೆ. ಮರೆತವಳ ಹಾಗೆ ಓಡುವ ದಿನ ಇನ್ನೂ ಬಂದಿರಲಿಲ್ಲ, ಅಷ್ಟರಲ್ಲಿ ಭುಜ ಹೋಯಿತು.

ಹೊಸ ಲಿಬೆರೋಗೆ ಮೂಲೆಯ ಚೆಂಡು ಹೊಡೆಯುತ್ತಿದ್ದೆ. ಬಟ್ಟೆ ಹರಿದ ಹಾಗೆ ಒಳಗೆ ಸದ್ದಾಯಿತು. ಪೆಟ್ಟಿಗೆಯಿಂದ ಬಿದ್ದೆ. ಕೂಗಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲ. ನೆಟ್ಟಿನ ಆಚೆ ಕಡೆಯಿಂದ ಸ್ಪೈಕರ್ ಹುಡುಗಿ ನಕ್ಕಳು. ಅವಳ ಹಿಂದೆ ಇನ್ನಿಬ್ಬರು ನಕ್ಕರು. ಯಾಕೆ ನಗುತ್ತಾರೆಂದು ನನಗೆ ಅರ್ಥವಾಗಲಿಲ್ಲ.

ಕೋಚ್ ಸರ್ ಕೋಣೆಯಲ್ಲಿ ಅರ್ಥವಾಯಿತು. ಆ ಸ್ಪೈಕರ್ ಹುಡುಗಿಯ ತಂದೆ ಯಾವುದೋ ಊರಿನಲ್ಲಿ ನಿಮ್ಮ ನಾಟಕ ನೋಡಿದರಂತೆ. ಎರಡು ಅಂಕದ ನಡುವೆ ಖಳನಾಯಕ ಒಬ್ಬನೇ ಬಂದು, ತನ್ನ ಸೋದರ ಸೊಸೆ ವಾಲಿಬಾಲ್ ಹಾಸ್ಟೆಲಿನಲ್ಲಿ ಡಾಕ್ಟರಮ್ಮನನ್ನು ಹೇಗೆ ಕುಂಟಿ ಕುಂಟಿ ಏಮಾರಿಸಿದಳು ಎಂದು ಆಡಿ ತೋರಿಸಿದನಂತೆ. ಮೆಟ್ಟಿಲು, ಕಂಬಿ, ಗೋಡೆಯ ಕಡೆ ತಿರುಗಿದ ಮುಖ, ಎಲ್ಲ. ಜನ ಬಿದ್ದು ಬಿದ್ದು ನಕ್ಕರಂತೆ. ಅವರಿಗೂ ಬಹಳ ಹಿಡಿಸಿ ಮಗಳಿಗೆ ಫೋನಿನಲ್ಲಿ ಹೇಳಿದ್ದಾರೆ.

ಸರ್ ಕೇಳಿದರು: “ಮಂಡಿ ನೋವು ನಾಟಕ ತಾನೇ?”

“ಹೌದು ಸರ್. ಆದರೆ ಭುಜ ನಿಜ.”

“ಭುಜದ ಪಾಠ ಯಾವಾಗ ಬಂತು? ಅದೂ ಮಾವನ ಕಾಗದದಲ್ಲೇನಾ?”

ನಾನು ಫಿಸಿಯೋ ಮೇಡಂ ಕಡೆ ನೋಡಿದೆ. ಅವರು ಅಲ್ಲೇ ನಿಂತಿದ್ದರು. ಸರ್ ಹೇಳಿದ್ದಕ್ಕೆಲ್ಲ ಅವರ ಮುಖ ಬದಲಾಗಲಿಲ್ಲ. ನಾನು ನೋಡಿದೆನಲ್ಲ, ಆಗ ಬದಲಾಯಿತು. “ನಿನ್ನ ತಲೆ ಸವರಿದ್ದೆ ಕಣೇ ನಾನು” ಅಂದರು. ಅಷ್ಟು ಹೇಳಿ ಹೊರಗೆ ಹೋದರು.

ಅಮ್ಮ ಬಂದು ಹೊರಗಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಭುಜದ ಸ್ನಾಯು ಹರಿದಿದೆ, ಹೊಲಿಯಬೇಕು, ಹೊಲಿದರೂ ಮೊದಲಿನ ಹಾಗೆ ಆಗುವುದು ಕಷ್ಟ ಎಂದರು. ಹಾಸ್ಟೆಲಿಗೆ ಬಂದು ಅದನ್ನು ತೋರಿಸಿದಾಗ ಸರ್ ಶಾಂತವಾಗಿ ಹೇಳಿದರು, ಹರಿದಿರಬಹುದು, ಆದರೆ ಆಟದಲ್ಲಿ ಹರಿದದ್ದಲ್ಲ, ಲಿಬೆರೋ ಹೊಡೆಯುವುದಿಲ್ಲ. ಪೆಟ್ಟಿಗೆಯ ಮೇಲಿಂದ ದಿನವೆಲ್ಲ ಹೊಡೆದದ್ದು? ಅದು ಆಗೊಮ್ಮೆ ಈಗೊಮ್ಮೆ ಎಲ್ಲರೂ ಮಾಡುವ ಸಹಾಯವಂತೆ. ಅಮ್ಮ ಹುಡುಗಿಯರನ್ನು ಕೇಳಿದಳು. ನಾನು ಹೊಡೆದ ಚೆಂಡುಗಳನ್ನು ಎತ್ತಿ ಎತ್ತಿ ಕೈ ಕೆಂಪಾದವರು ಅವರು. ಒಬ್ಬಳೂ ಮಾತಾಡಲಿಲ್ಲ. ಸೆಟ್ಟರ್ ತನ್ನ ಟೇಪು ಬಿಚ್ಚಿ ಮತ್ತೆ ಸುತ್ತಿಕೊಂಡಳು.

ಜನ ಎಲ್ಲಿ ಹೆಚ್ಚು ನಗುತ್ತಿದ್ದರು ಮಾವ? ಮೆಟ್ಟಿಲ ಹತ್ತಿರವೋ, ಮುಖ ತಿರುಗಿಸಿದಾಗಲೋ?

ನಿಮ್ಮ ಅಕ್ಕನ ಮಗಳು

 

ಅಕ್ಟೋಬರ್ ೬

ಮಗಳೇ,

‘ನೀವು’ ಎಂದು ಬರೆದಿದ್ದೀಯ. ಸರಿ.

ಮುಖ ತಿರುಗಿಸಿದಾಗ. ಅಲ್ಲಿ ನಗುತ್ತಿದ್ದರು.

ಹೆಸರು ಹೇಳಿರಲಿಲ್ಲ. ಹೆಸರಿಲ್ಲದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ. ಮೊದಲ ದಿನ ಸೆಟ್ಟು ಸಿಕ್ಕಿಹಾಕಿಕೊಂಡು ಜನ ಶಿಳ್ಳೆ ಹಾಕುತ್ತಿದ್ದರು, ಬಾಯಿಗೆ ಬಂದದ್ದು ಅದು. ಅವರು ನಕ್ಕರು. ಮಾರನೆಯ ದಿನ ಮಾಲೀಕರೇ ಕೇಳಿದರು. ಅಷ್ಟೇ.

ನಾನು ನಿನ್ನ ಹಾಸ್ಟೆಲಿಗೆ ಬಂದಿದ್ದೆ. ನಿನಗೆ ಯಾರೂ ಹೇಳಿರಲಾರರು. ನಿನ್ನನ್ನು ನೋಡಲು ಕೇಳಲಿಲ್ಲ, ಕೋಚನ್ನು ನೋಡಬೇಕೆಂದೆ. ಬಿಳಿ ಅಂಗಿ ಹಾಕಿಕೊಂಡು, ಕೂದಲು ಬಾಚಿಕೊಂಡು, ತಗ್ಗಿದ ದನಿಯಲ್ಲಿ ಮಾತಾಡಿದೆ. ಕುಂಟಲು ಹೇಳಿಕೊಟ್ಟವನು ನಾನು, ಭುಜ ನೋಯುತ್ತಿದೆ ಎಂದು ಅವಳು ಮೊದಲೇ ಬರೆದಿದ್ದಳು, ಹುಡುಗಿಯ ತಪ್ಪಿಲ್ಲ, ಕೈಗೆ ಚಿಕಿತ್ಸೆ ಮಾಡಿಸಿ ಎಂದೆ. ಅಡ್ಡ ಮಾತು ಒಂದೂ ಆಡಲಿಲ್ಲ. ಎಷ್ಟೋ ವರ್ಷದಿಂದ ಯಾರ ಮುಂದೆಯೂ ಹಾಗೆ ಮಾತಾಡಿದ್ದಿಲ್ಲ. ಕೊನೆಗೆ ಕಣ್ಣು ಒರೆಸಿಕೊಂಡೆ.

ಅವರು ಪೂರ್ತಿ ಕೇಳಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಜೋರಾಗಿ ಅಲ್ಲ, ಮೆಲ್ಲಗೆ. “ನೀವು ನಿಜವಾಗಿಯೂ ದೊಡ್ಡ ಕಲಾವಿದರು” ಅಂದರು.

ಆ ಹಾಸ್ಯವನ್ನು ನಿಲ್ಲಿಸಿದ್ದೇನೆ ಎಂದು ಬರೆಯಬೇಕೆಂದಿದ್ದೆ. ನಾನು ನಿಲ್ಲಿಸಿದೆ. ಮಾಲೀಕರು ಅದನ್ನು ಮಂತ್ರಿಯ ಪಾತ್ರದವನಿಗೆ ಕೊಟ್ಟಿದ್ದಾರೆ. ಅವನು ನನಗಿಂತ ಚೆನ್ನಾಗಿ ಕುಂಟುತ್ತಾನೆ.

ಮನೆಗೆ ಹೋಗು. ಅಮ್ಮನ ಹತ್ತಿರ ಇರು. ಕೈ ಹೊಲಿಸುವುದಕ್ಕೆ ನಾನು ಏನಾದರೂ ಮಾಡುತ್ತೇನೆ. ಆಟ ಹೋದರೆ ಹೋಗಲಿ.

ಮಾವ

 

ನವೆಂಬರ್ ೧೯

ಮಾವನವರಿಗೆ,

ಅಕ್ಷರ ಹೀಗಿರುವುದಕ್ಕೆ ಕ್ಷಮಿಸಿ, ಎಡಗೈ ಇನ್ನೂ ಕಲಿಯುತ್ತಿದೆ.

ಮನೆಗೆ ಹೋಗಲಿಲ್ಲ. ಅಮ್ಮ ನನ್ನ ಸೂಟ್‌ಕೇಸು ಕಟ್ಟಿ ಗೇಟಿನವರೆಗೂ ಬಂದಿದ್ದಳು. ಕೋಚ್ ಸರ್ ಬಂದು ನಿಲ್ಲಿಸಿದರು. ಹುಡುಗಿ ಇಲ್ಲೇ ಇರಲಿ, ಹೊಸ ಲಿಬೆರೋಗೆ ಹೇಳಿಕೊಡಲಿ, ಭುಜದ ಶಸ್ತ್ರಚಿಕಿತ್ಸೆಗೆ ಮುಂದಿನ ವರ್ಷ ಮೇಲಿನವರಿಗೆ ಶಿಫಾರಸು ಮಾಡೋಣ ಎಂದರು. ಪೆಟ್ಟಿಗೆಯ ವಿಷಯ ನಾವು ಹೊರಗೆ ಎಲ್ಲೂ ಎತ್ತಬಾರದು, ಅಷ್ಟೇ. ಅಮ್ಮ ನನ್ನ ಮುಖ ನೋಡಿದಳು. ನಾನು ಸೂಟ್‌ಕೇಸು ಎತ್ತಿಕೊಂಡು ಒಳಗೆ ಬಂದೆ. ಎಡಗೈಯಲ್ಲೇ.

ಆಗ ಸರ್ ಅದನ್ನು ಗಮನಿಸಿರಬೇಕು.

ಆಯ್ಕೆ ಮುಗಿಯಿತು. ಹೊಸ ಹುಡುಗಿ ದೊಡ್ಡ ತಂಡಕ್ಕೆ ಹೋದಳು. ಮೂಲೆಯ ಚೆಂಡನ್ನು ಅವಳಷ್ಟು ಚೆನ್ನಾಗಿ ಎತ್ತುವವರು ಅಲ್ಲಿ ಯಾರೂ ಇರಲಿಲ್ಲವಂತೆ. ಮೂಲೆಗೆ ಹೊಡೆಯುವಾಗಲೇ ನನ್ನ ಭುಜ ಹೋದದ್ದು. ಹೊರಡುವಾಗ ನನ್ನ ಕೋಣೆಗೆ ಬಂದು ಬಾಗಿಲಲ್ಲೇ ನಿಂತು, “ಅಕ್ಕಾ, ನಿಮ್ಮಿಂದಾನೇ” ಅಂದಳು. ಅವಳ ಮಂಡಿಗೆ ಪಟ್ಟಿ ಕಟ್ಟಿತ್ತು. ನಿಜವಾದ ಪಟ್ಟಿ. ನೋಯುತ್ತಿದೆಯಾ ಎಂದು ಕೇಳಿದೆ. ಏನೂ ಇಲ್ಲ ಎಂದಳು. ನಾನು ಎರಡನೆಯ ಸಲ ಕೇಳಲಿಲ್ಲ.

ಫಿಸಿಯೋ ಮೇಡಂ ನನ್ನ ಜೊತೆ ಮಾತಾಡುವುದಿಲ್ಲ. ಐಸ್ ಚೀಲವನ್ನು ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಎಲ್ಲಿಗೆ ಇಟ್ಟುಕೊಳ್ಳಬೇಕೆಂದು ಹೇಳುವುದಿಲ್ಲ.

ನಿಮ್ಮ ಮೇಲೆ ಕೋಪ ಇದೆಯಾ ಎಂದು ಅಮ್ಮ ಕೇಳುತ್ತಾಳೆ. ಕೋಪ ಇದ್ದಿದ್ದರೆ ಚೆನ್ನಾಗಿತ್ತು. ನನ್ನ ಕಷ್ಟ ಬೇರೆ. ಆಸ್ಪತ್ರೆಯಲ್ಲಿ ಡಾಕ್ಟರು ಕೈ ಎತ್ತಿಸಿದಾಗ ಪ್ರಾಣ ಹೋದ ಹಾಗಾಯಿತು. ಕೂಗುವ ಮೊದಲು ನಾನು ಯೋಚಿಸಿದ್ದು, ಇದು ಅವರಿಗೆ ಹೇಗೆ ಕಾಣುತ್ತಿದೆ ಎಂದು. ಮುಖ ಗೋಡೆಯ ಕಡೆ ತಾನಾಗಿಯೇ ತಿರುಗಿತ್ತು. ಅದನ್ನು ಬಲವಂತವಾಗಿ ಈಚೆ ತಿರುಗಿಸಿಕೊಂಡೆ. ಈಗ ನನಗೆ ನೋವಾದರೆ ನಾನೇ ಮೊದಲು ನಂಬುವುದಿಲ್ಲ. ಅದಕ್ಕೆ ನಿಮ್ಮ ಹತ್ತಿರ ಪಾಠವಿದ್ದರೂ ಬರೆಯಬೇಡಿ.

ಮುಂದಿನ ಪಂದ್ಯಾವಳಿಯಲ್ಲಿ ಎದುರಾಳಿ ತಂಡದಲ್ಲಿ ಎಡಗೈಯಲ್ಲಿ ಹೊಡೆಯುವವಳೊಬ್ಬಳಿದ್ದಾಳೆ. ಎಡಗೈ ಹೊಡೆತ ಬೇರೆ ಕೋನದಲ್ಲಿ ಬರುತ್ತದೆ, ಅಭ್ಯಾಸವಿಲ್ಲದವರಿಗೆ ಸಿಗುವುದಿಲ್ಲ. ಅಂಥ ಹೊಡೆತಕ್ಕೆ ತಯಾರಿ ಮಾಡಿಸಲು ಸರ್‌ಗೆ ಯಾರೂ ಸಿಕ್ಕಿರಲಿಲ್ಲ. ಹೋದ ಸೋಮವಾರ ಪೆಟ್ಟಿಗೆಯನ್ನು ಅವರೇ ಎಳೆದು ಅಂಕಣದ ಇನ್ನೊಂದು ಬದಿಗೆ ಇಟ್ಟರು. ನನ್ನ ಎಡತೋಳನ್ನು ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿದರು. “ಇದು ಹೊಸದಾಗೇ ಇದೆಯಲ್ಲ” ಅಂದರು. ಬಹಳ ಸಂತೋಷದಲ್ಲಿದ್ದರು. ನನ್ನನ್ನು ನೋಡಿ ಅವರು ಸಂತೋಷಪಟ್ಟು ಎಷ್ಟು ಕಾಲವಾಗಿತ್ತು.

ನನಗೂ ಸಂತೋಷವಾಯಿತು. ಅದನ್ನು ಯಾರಿಗಾದರೂ ಹೇಳಬೇಕಾಗಿತ್ತು, ನಿಮಗೆ ಹೇಳುತ್ತಿದ್ದೇನೆ.

ಮೊದಲ ದಿನ ಹತ್ತರಲ್ಲಿ ಎಂಟು ಚೆಂಡು ನೆಟ್ಟಿಗೆ ಹೋದವು. ಈಗ ಅರ್ಧಕ್ಕರ್ಧ ಆಚೆ ಬೀಳುತ್ತವೆ. ಹುಡುಗಿಯರಿಗೆ ಎತ್ತಲಾಗುತ್ತಿಲ್ಲ. ಸ್ಪೈಕರ್ ನಗುವುದನ್ನು ನಿಲ್ಲಿಸಿದ್ದಾಳೆ.

ನಿನ್ನೆ ಎಡಭುಜದಲ್ಲಿ ಸಣ್ಣಗೆ ಚುಚ್ಚಿತು. ಸರ್‌ಗೆ ಹೇಳಿಲ್ಲ.

ನಿಮ್ಮ ಅಕ್ಕನ ಮಗಳು